ಬುಷ್ ಯಾವುದು? ಕೀಲನ್ನೇ ಕೇಳಿ

ಕೊಲ್ಲೂರಿನ ಕಡೆಯಿಂದ ಜೀಪಿನಲ್ಲಿ ಕೊಡಚಾದ್ರಿ ಹತ್ತಿದವರಿಗೆ ಆ ದಾರಿಯ ನೆನಪು ಸೊಂಟದಲ್ಲಿ ಉಳಿದಿರುತ್ತದೆ. ಒಂದು ಗಾಲಿ ಗುಂಡಿಯೊಳಗೆ, ಇನ್ನೊಂದು ಬಂಡೆಯ ಮೇಲೆ. ಕೆಳಗೆಲ್ಲೋ ‘ಕಟ್’ ಅನ್ನುತ್ತದೆ. ಪಕ್ಕದಲ್ಲಿ ಕೂತವರು ಕಂಗಾಲಾದರೂ ಡ್ರೈವರ್ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಏನಿಲ್ಲ ಸಾರ್, ಬುಷ್ ಹೋಗಿದೆ ಅಷ್ಟೆ.’

ಹೀಗೆ ‘ಹೋಗುವ’ ಬುಷ್ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು, ನಡುವೆ ರಬ್ಬರು. ಸಸ್ಪೆನ್ಷನ್ನಿನ ತೋಳುಗಳು ಚಾಸಿಗೆ, ಆಕ್ಸಲ್‌ಗೆ ಸೇರುವ ಕೀಲುಗಳಲ್ಲಿ ಇದು ಕೂತಿರುತ್ತದೆ. ಬದಲಾಯಿಸಲು ಹೋದರೆ ಅಂಗಡಿಯವರು ಎರಡು ಬಗೆ ಮುಂದಿಡುತ್ತಾರೆ: ಕಂಪನಿಯ ಕಪ್ಪು ರಬ್ಬರು, ಇಲ್ಲವೇ ಕೆಂಪು, ಹಳದಿ, ನೀಲಿ ಬಣ್ಣದ ಪಾಲಿಯುರೆಥೇನ್. ಗ್ಯಾರೇಜಿನಲ್ಲಿ ಅದು ಬರೀ ‘ಪಾಲಿ’. ಬಣ್ಣಕ್ಕೆ ಮರುಳಾಗುವವರೇ ಜಾಸ್ತಿ. ನಾನೂ ಆಗಿದ್ದೆ.

1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ರೂಪಿಸಿದ ಪಾಲಿಯುರೆಥೇನ್ ಬಹುರೂಪಿ. ಹಾಸಿಗೆಯ ಸ್ಪಂಜೂ ಅದೇ, ಶೂ ಅಟ್ಟೆಯೂ ಅದೇ. ಬುಷ್ ಆದಾಗ ಗಟ್ಟಿಮುಟ್ಟು: ಶೋರ್ ಎ ಎಂಬ ಗಡಸುತನದ ಅಳತೆಯಲ್ಲಿ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70ರೊಳಗಿದ್ದರೆ ಪಾಲಿ 80ರಿಂದ 95. ಹಾಗಾದರೆ ಗಟ್ಟಿ ಇರುವುದೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಎಡವುವುದು ಇಲ್ಲೇ. ಇವೆರಡರ ನಿಜವಾದ ವ್ಯತ್ಯಾಸ ಗಡಸುತನದಲ್ಲಿಲ್ಲ, ಅವು ತಿರುಗುವ ಬಗೆಯಲ್ಲಿದೆ.

ರಬ್ಬರು ಎರಡೂ ಕೊಳವೆಗಳಿಗೆ ಬೆಸೆದುಕೊಂಡಿರುತ್ತದೆ. ತೋಳು ಮೇಲೆ ಕೆಳಗೆ ಆಡಿದಾಗ ಅದು ಜಾರುವುದಿಲ್ಲ, ತನ್ನೊಳಗೇ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಒಂದಕ್ಕೊಂದು ಉಜ್ಜುವ ಮೈಯೇ ಇಲ್ಲದ ಮೇಲೆ ಗ್ರೀಸ್ ಯಾಕೆ? ಕೆಸರು ನುಗ್ಗಲೂ ಸಂದಿಲ್ಲ. ಪಾಲಿ ಹಾಗಲ್ಲ. ಅದನ್ನು ಬೆಸೆದಿರುವುದಿಲ್ಲ, ನಡುವಿನ ಕೊಳವೆ ಅದರೊಳಗೆ ಜಾರುತ್ತ ತಿರುಗುತ್ತದೆ. ಜಾರುವಲ್ಲಿ ಗ್ರೀಸ್ ಬೇಕು. ಗ್ರೀಸ್ ತೊಳೆದುಹೋದ ಜಾಗಕ್ಕೆ ಜಂಬಿಟ್ಟಿಗೆಯ ನುಣ್ಣನೆ ಕೆಸರು ಬಂದು ಕೂತರೆ ಉಪ್ಪುಕಾಗದದ ಕೆಲಸ ಶುರು. ನನ್ನ ಹಳೇ ಜೀಪಿನ ಲೀಫ್ ಸ್ಪ್ರಿಂಗಿಗೆ ಹಾಕಿಸಿದ ಹಳದಿ ಪಾಲಿ, ಎರಡನೇ ಮಳೆಗಾಲಕ್ಕೆ ಹಳೇ ತೊಟ್ಟಿಲಿನ ಹಾಗೆ ಕಿರಗುಟ್ಟತೊಡಗಿತು. ತಪ್ಪು ಪಾಲಿಯದಲ್ಲ, ಗ್ರೀಸ್ ತೋರಿಸದ ನನ್ನದು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆಗುಂಬೆಯಂಥ ಕಡೆ ಗಾಡಿ ಓಡಿಸುವವರು ಇನ್ನೊಂದು ಮಾತನ್ನೂ ಕೇಳಿ ಕೊಳ್ಳಬೇಕು: ಪಾಲಿಯಲ್ಲಿ ಪಾಲಿಯೆಸ್ಟರ್ ಜಾತಿಯದು ಬಿಸಿ ತೇವಕ್ಕೆ ನಿಧಾನವಾಗಿ ಶಿಥಿಲವಾಗುತ್ತದೆ, ಪಾಲಿಈಥರ್ ಜಾತಿಯದು ನೀರಿಗೆ ಹೆಚ್ಚು ತಡೆಯುತ್ತದೆ.

ಈಗ ಕೀಲಿನ ವಿಷಯ. ಸುಜುಕಿ ಜಿಮ್ನಿಯ ಮುಂದಿನ ಆಕ್ಸಲ್ ಇಡೀ ಒಂದೇ ಗಟ್ಟಿ ದಂಡ. ಅದನ್ನು ಎರಡು ಉದ್ದನೆಯ ತೋಳುಗಳು ಹಿಡಿದಿವೆ. ಪ್ರತಿ ತೋಳಿಗೆ ಆಕ್ಸಲ್ ಕಡೆ ಎರಡು ಬುಷ್, ಚಾಸಿ ಕಡೆ ಒಂದು. ಎಡಗಾಲಿ ಬಂಡೆ ಹತ್ತಿ ಬಲಗಾಲಿ ಹಳ್ಳಕ್ಕೆ ಇಳಿದರೆ ಎರಡು ತೋಳುಗಳು ಬೇರೆ ಬೇರೆ ಕೋನಕ್ಕೆ ಏಳುತ್ತವೆ. ಆಕ್ಸಲ್ ಮಾತ್ರ ಎರಡಕ್ಕೂ ಒಂದೇ. ಅದು ಸುಲಭಕ್ಕೆ ತಿರುಚುವುದಿಲ್ಲ. ಈ ಜಗಳವನ್ನು ನುಂಗಿಕೊಳ್ಳುವುದು ಬುಷ್‌ನ ರಬ್ಬರು. ಅಲ್ಲಿಗೆ ಗಟ್ಟಿ ಪಾಲಿ ತುರುಕಿದರೆ ಡಾಂಬರು ರಸ್ತೆಯಲ್ಲಿ ಸ್ಟೀರಿಂಗ್ ಚುರುಕಾದಂತೆ ಅನ್ನಿಸುತ್ತದೆ, ಕಾಡುದಾರಿಯಲ್ಲಿ ಗಾಲಿ ನೆಲ ಬಿಟ್ಟು ಗಾಳಿಯಲ್ಲಿ ಸುತ್ತುತ್ತದೆ. ಬುಷ್ ತಾಳಿಕೊಳ್ಳದ ಒತ್ತಡ ಎಲ್ಲಿಗೋ ಹೋಗಲೇಬೇಕಲ್ಲ. ಬ್ರಾಕೆಟ್ಟಿಗೋ ವೆಲ್ಡಿಂಗಿಗೋ ಹೋಗುತ್ತದೆ. ಮುರಿಯಬೇಕಾದದ್ದು ಬುಷ್ ಆಗಿರಲಿ, ಚಾಸಿ ಬೇಡ ಎಂಬುದು ನನ್ನ ಲೆಕ್ಕ. ಗಾಡಿ ಎತ್ತರಿಸಿ ಕ್ಯಾಸ್ಟರ್ ಕೋನ ಕೆಟ್ಟು ಸ್ಟೀರಿಂಗ್ ಅಲೆಯುವಾಗ, ತೂತು ನಡುವಿನಿಂದ ಸರಿಸಿದ ಪಾಲಿ ಬುಷ್ ಹಾಕಿ ಸರಿಪಡಿಸುವುದುಂಟು. ಅದು ಅಗ್ಗದ ಉಪಾಯ, ಆದರೆ ಬೆಲೆ ತೆರುವುದು ಗಾಲಿಯ ಆಟದಲ್ಲಿ.

ಬಾಗಿಲ ಹಿಂಜಿನ ಹಾಗೆ ಒಂದೇ ಅಚ್ಚಿನಲ್ಲಿ ತಿರುಗುವ ಕೀಲುಗಳಲ್ಲಿ ಪಾಲಿ ಗೆಲ್ಲುತ್ತದೆ. 2020ರ ಥಾರ್‌ನ ಮುಂದಿನ ವಿಶ್‌ಬೋನ್ ತೋಳು, ಹಳೇ ಜೀಪುಗಳ ಲೀಫ್ ಸ್ಪ್ರಿಂಗಿನ ಶ್ಯಾಕಲ್, ಆ್ಯಂಟಿ ರೋಲ್ ಬಾರನ್ನು ಹಿಡಿಯುವ ಬುಷ್ ಇಂಥವು. ಎಂಜಿನ್ ಎಣ್ಣೆ ಸೋರುವ ಜಾಗವಿದ್ದರಂತೂ ಪಾಲಿಯೇ ಸರಿ. ಸಹಜ ರಬ್ಬರು ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಸದ್ದು ಬಂತೆಂದು ರಬ್ಬರ್ ಬುಷ್‌ಗೆ ಸುಟ್ಟ ಆಯಿಲ್ ಸವರುವ ಕೈಗಳನ್ನು ನೋಡಿದಾಗಲೆಲ್ಲ ನನಗೆ ಸುಳ್ಯದ ರಬ್ಬರ್ ತೋಟಗಳು ನೆನಪಾಗುತ್ತವೆ. ನಸುಕಿನಲ್ಲೇ ಎದ್ದು ಮರ ಕೆತ್ತಿ ಹಾಲು ಹಿಡಿದವರ ಶ್ರಮ ಘಟ್ಟದ ಮೇಲೆ ಹೀಗೆ ಹಾಳಾಗಬೇಕೇ!

ಬಿಚ್ಚಿ ಹಾಕುವ ಕಷ್ಟದಲ್ಲೂ ವ್ಯತ್ಯಾಸವಿದೆ. ರಬ್ಬರ್ ಬುಷ್‌ಗೆ ಹೈಡ್ರಾಲಿಕ್ ಪ್ರೆಸ್ ಬೇಕು; ಎರಡು ಹೋಳಿನ ಪಾಲಿಯನ್ನು ಹಳ್ಳಿಯ ಗ್ಯಾರೇಜಿನಲ್ಲೂ ಕೈಯಲ್ಲೇ ಒತ್ತಿ ಕೂರಿಸಬಹುದು.

ಆದರೆ ರಬ್ಬರ್ ಬುಷ್ ಬೇಗ ಸಾಯಲು ಎಷ್ಟೋ ಸಲ ರಬ್ಬರು ಕಾರಣವಲ್ಲ, ಸ್ಪ್ಯಾನರ್ ಕಾರಣ. ಜಾಕ್ ಕೊಟ್ಟು ಗಾಲಿ ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಬಿಗಿದೊಡನೆ ಒಳಗಿನ ಕೊಳವೆ ಬ್ರಾಕೆಟ್ಟನ್ನು ಕಚ್ಚಿಕೊಳ್ಳುತ್ತದೆ. ಜಾಕ್ ಇಳಿಸಿದರೆ ಗಾಡಿಯ ಭಾರಕ್ಕೆ ತೋಳು ಮೇಲೇರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಶೆಡ್ಡಿನಲ್ಲಿ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಕೆಲವೇ ತಿಂಗಳಲ್ಲಿ ಹರಿದಾಗ ಬೈಗುಳ ತಿನ್ನುವುದು ಅಂಗಡಿಯವನು. ನಟ್ಟನ್ನು ಸಡಿಲವಾಗಿ ಕೂರಿಸಿ, ನಾಲ್ಕೂ ಗಾಲಿ ನೆಲಕ್ಕಿಳಿಸಿ, ಬಾನೆಟ್ ಮೇಲೆ ಕೈಯಿಟ್ಟು ಎರಡು ಸಲ ಜಗ್ಗಿ, ಆಮೇಲೆ ಗಾಡಿಯಡಿಗೆ ಮಲಗಿ ಬಿಗಿಯಬೇಕು. ಮಳೆಗಾಲದ ಕೆಸರಿನಲ್ಲಿ ಅಂಗಾತ ತೆವಳಲು ಯಾರಿಗೂ ಮನಸ್ಸಾಗುವುದಿಲ್ಲ. ಒಂದು ಗೋಣಿಚೀಲ ಹಾಸಿಕೊಡಿ, ಜೊತೆಗೆ ಒಂದು ಲೋಟ ಕಾಫಿ.