ಹಿಪ್ಪುನೇರಳೆಯ ತೋಟವೂ ಏಷ್ಯದ ಪೇಟೆಯೂ

ಏಷ್ಯದ ರಾಷ್ಟ್ರಗಳು ಆರ್ಥಿಕವಾಗಿ ಚೇತರಿಸಿಕೊಂಡರೆ ಕುದೇರಿನ ರೈತನಿಗೇನು ಎಂದು ವಾಚಕರು ಕೇಳಬಹುದು. ಹಿಪ್ಪುನೇರಳೆ ನೆಟ್ಟು ಹುಳುಮನೆ ಕಟ್ಟಿದ ದಿನವೇ ಅವನ ಬಂಡವಾಳ ಚೀನ, ಜಪಾನುಗಳ ಪೇಟೆಗೆ ಕಟ್ಟುಬೀಳುತ್ತದೆ.

1929ರಲ್ಲಿ ಆರಂಭವಾದ ಜಾಗತಿಕ ಮುಗ್ಗಟ್ಟಿನಲ್ಲಿ ಆ ದೇಶಗಳ ಅಗ್ಗದ ರೇಷ್ಮೆ ಹರಿದು ಬಂದು ಮೈಸೂರು ಸೀಮೆಯ ಗೂಡಿನ ಬೆಲೆ ನೆಲಕಚ್ಚಿತು. 1934ರಲ್ಲಿ ರಕ್ಷಣಾ ಸುಂಕ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸರಕು ನಿಂತು, ಪ್ಯಾರಾಷೂಟಿಗೆ ರೇಷ್ಮೆ ಬೇಕಾದಾಗ ಇದೇ ಗೂಡು ಹೊನ್ನಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು; ಗೂಡಿನ ಬೆಲೆ ಮತ್ತೆ ಕುಸಿಯಿತು. 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಬೇಕಾಯಿತು.

ಚಾಮರಾಜನಗರದ ಕರಿಕಲ್ಲಿನ ಕಥೆ ಬೇರೆ. ಜಪಾನ್ ಮೊದಲಾದ ಹೊರದೇಶಗಳು ಅದನ್ನು ಕೊಳ್ಳುತ್ತವೆ. ಅಲ್ಲಿ ಸಮೃದ್ಧಿಯಿದ್ದರೆ ಇಲ್ಲಿನ ಗಣಿಗೆ ಕೆಲಸ. ಏಷ್ಯದ ಏಳಿಗೆ ಕೊಳ್ಳುವವನಾಗಿ ಬಂದರೆ ಲಾಭ, ಮಾರುವವನಾಗಿ ಬಂದರೆ ಪೈಪೋಟಿ.

ಹುಳು ಗೂಡು ಕಟ್ಟಲು ಒಂದು ತಿಂಗಳು ಸಾಕು; ನೆಟ್ಟ ಗಿಡವಾದರೋ ಹತ್ತಾರು ವರ್ಷ ನಿಲ್ಲಬೇಕು. ಸುಂಕ ಬದಲಾಗಲು ಒಂದು ಆಜ್ಞೆ ಸಾಕು. ಅಂತಹ ವರ್ಷ ಬಡ್ಡಿಗೆ ಅಂಜಿ ತೋಟ ಕಿತ್ತವನಿಗೆ ಮರುವರ್ಷದ ಏರುಬೆಲೆಯೂ ದಕ್ಕುವುದಿಲ್ಲ. ಕುದೇರಿನಲ್ಲಿಯೇ ಹಾಲು ಒಕ್ಕೂಟದ ಡೇರಿಯಿದೆ. ಹಾಲಿನ ಹಣ ಚೀನದ ಪೇಟೆಯ ದಾರಿ ಕಾಯುವುದಿಲ್ಲ. ಹುಳುಮನೆಯ ಪಕ್ಕದಲ್ಲಿ ಎರಡು ಹಸು ಕಟ್ಟಿದವನು ಕೆಟ್ಟ ವರ್ಷದಲ್ಲಿಯೂ ತೋಟವನ್ನು ಉಳಿಸಿಕೊಳ್ಳಬಲ್ಲನು. ಏಷ್ಯದ ಚೇತರಿಕೆಯ ಫಲವನ್ನು ಉಣ್ಣುವವನು ತೋಟ ಉಳಿಸಿಕೊಂಡವನೇ.