ತಿಥಿ ತಿದ್ದಿದರೂ ಮೊಬೈಲಿನಲ್ಲಿ ಹಳೆಯದೇ ಏಕೆ? ವೆಬ್ ಆ್ಯಪ್ ನಡೆಸುವವರಿಗೆ ಮಾಹಿತಿ

ಬಸದಿ ಸಮಿತಿಗಳು, ಯುವಕ ಸಂಘಗಳು, ಮಹಿಳಾ ಸಮಾಜಗಳು ಈಗ ಪಂಚಾಂಗ, ಸೂರ್ಯಾಸ್ತದ ವೇಳೆ, ಮುನಿಸಂಘದ ವಿಹಾರದ ವಿವರಗಳನ್ನು ವೆಬ್ ಆ್ಯಪ್ ಮೂಲಕ ಮನೆಮನೆಗೆ ತಲುಪಿಸುತ್ತಿವೆ. ತಪ್ಪು ಕಂಡರೆ ಸ್ವಯಂಸೇವಕರು ಅದೇ ದಿನ ತಿದ್ದುತ್ತಾರೆ. ಆದರೂ ‘ನಮ್ಮ ಮೊಬೈಲಿನಲ್ಲಿ ಹಳೆಯದೇ ಬರುತ್ತಿದೆಯಲ್ಲ’ ಎಂಬ ಫೋನು ತಪ್ಪುವುದಿಲ್ಲ. ಇದಕ್ಕೆ ಕಾರಣ ಬ್ರೌಸರಿನೊಳಗಿನ ಉಗ್ರಾಣ. ಅದಕ್ಕೆ ಕ್ಯಾಶ್ ಎಂದು ಹೆಸರು.

ಅಂಗಡಿಯ ಜಾಹೀರಾತು ಒಂದು ದಿನ ಹಳೆಯದಾದರೆ ದೊಡ್ಡ ನಷ್ಟವಿಲ್ಲ. ವ್ರತದ ವೇಳೆ ಹಾಗಲ್ಲ. ಮಂಗಳೂರಿನಲ್ಲಿ ಸೂರ್ಯ ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡವಾಗಿ ಮುಳುಗುತ್ತಾನೆ. ಆ್ಯಪ್ ಮೊದಲು ಎಲ್ಲ ಊರಿಗೂ ಮಂಗಳೂರಿನ ವೇಳೆಯನ್ನೇ ತೋರಿಸುತ್ತಿತ್ತು, ನಂತರ ತಿದ್ದಲಾಯಿತು ಎಂದುಕೊಳ್ಳೋಣ. ತಿದ್ದಿದ್ದು ತಲುಪದ ಬೆಂಗಳೂರಿನ ಮನೆಯಲ್ಲಿ, ರಾತ್ರಿಭೋಜನ ತ್ಯಾಗದ ನಿಯಮವಿರುವ ಹಿರಿಯರು ಸೂರ್ಯಾಸ್ತದ ನಂತರ ಊಟ ಮಾಡಿದಂತಾಗುತ್ತದೆ. ವಿಹಾರದ ವಿಷಯವೂ ಅಷ್ಟೇ. ಮುನಿಶ್ರೀಗಳು ಮುಂದಿನ ಊರಿಗೆ ನಡೆದುಹೋಗಿದ್ದರೂ ಪುಟದಲ್ಲಿ ನಿನ್ನೆಯ ಊರೇ ಇದ್ದರೆ, ಶುದ್ಧ ಆಹಾರ ಸಿದ್ಧಮಾಡಿಕೊಂಡು ಬಾಗಿಲಲ್ಲಿ ಕಳಶ ಹಿಡಿದು ನಿಂತ ಕುಟುಂಬ ಸುಮ್ಮನೆ ಕಾಯಬೇಕಾಗುತ್ತದೆ.

ಬ್ರೌಸರು ಒಮ್ಮೆ ತರಿಸಿದ ಚಿತ್ರ, ವಿನ್ಯಾಸದ ಕಡತ, ಜಾವಾಸ್ಕ್ರಿಪ್ಟ್ ಮುಂತಾದವನ್ನು ಫೋನಿನಲ್ಲೇ ಇಟ್ಟುಕೊಳ್ಳುತ್ತದೆ. ನೆಟ್‌ವರ್ಕ್ ದುರ್ಬಲವಾಗಿರುವ ಹಳ್ಳಿಗಳಲ್ಲಿ ಪುಟ ಬೇಗ ತೆರೆಯುವುದು ಇದರಿಂದಲೇ. ಆದ್ದರಿಂದ ಕ್ಯಾಶನ್ನು ಪೂರ್ತಿ ನಿಲ್ಲಿಸುವುದು ಜಾಣತನವಲ್ಲ. ಯಾವುದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಸರ್ವರ್ ಪ್ರತಿ ಕಡತದ ಜೊತೆ ‘ಕ್ಯಾಶ್-ಕಂಟ್ರೋಲ್’ ಎಂಬ ಚೀಟಿಯಲ್ಲಿ ಹೇಳಿ ಕಳಿಸಬಹುದು. ಅದರಲ್ಲಿ ‘ಮ್ಯಾಕ್ಸ್-ಏಜ್’ 86400 ಎಂದಿದ್ದರೆ ಅಷ್ಟು ಸೆಕೆಂಡು, ಅಂದರೆ ಒಂದು ದಿನ, ಬ್ರೌಸರು ಸರ್ವರನ್ನು ಕೇಳುವ ಗೋಜಿಗೇ ಹೋಗದೆ ಇರಬಹುದು. ಚೀಟಿಯೇ ಇಲ್ಲದಿದ್ದರೆ ಅದು ತಾನೇ ಅಂದಾಜು ಹಾಕುತ್ತದೆ. ಕಡತ ಬದಲಾಗಿ ಎಷ್ಟು ದಿನವಾಗಿದೆಯೋ ಅದರ ಹತ್ತನೇ ಒಂದು ಭಾಗ ಎಂಬುದು ರೂಢಿಯ ಲೆಕ್ಕ. 100 ದಿನದಿಂದ ಮುಟ್ಟದ ಕಡತವನ್ನು ಹೀಗೆ 10 ದಿನ ಇಟ್ಟುಕೊಂಡರೂ ಆಶ್ಚರ್ಯವಿಲ್ಲ. ಅನೇಕ ಸಮಿತಿಗಳ ಆ್ಯಪ್ ಸಿಕ್ಕಿಬೀಳುವುದು ಇಲ್ಲೇ.

ಒಂದು ವರ್ಷ ಇಟ್ಟುಕೋ ಎಂದು ಹೇಳಿ ಕಳಿಸಿದ ಪ್ರತಿಯನ್ನು ಸರ್ವರ್ ಆಮೇಲೆ ವಾಪಸು ಕರೆಸಿಕೊಳ್ಳಲಾಗದು. ಆದ್ದರಿಂದ ವ್ಯವಸ್ಥೆಯನ್ನು ಮೊದಲ ಬಿಡುಗಡೆಗೆ ಮುಂಚೆಯೇ ಮಾಡಿಕೊಳ್ಳಬೇಕು.

ವ್ಯವಸ್ಥೆ ಕಷ್ಟದ್ದೇನಲ್ಲ. ಆ್ಯಪಿನ ಬಾಗಿಲಿನಂತಿರುವ ಮೊದಲ ಎಚ್‌ಟಿಎಂಎಲ್ ಪುಟಕ್ಕೆ ‘ನೋ-ಕ್ಯಾಶ್’ ಎಂದು ಕೊಡಬೇಕು. ಹೆಸರು ಕೇಳಿ ಇಟ್ಟುಕೊಳ್ಳಲೇಬೇಡ ಎಂದು ಅರ್ಥಮಾಡಿಕೊಳ್ಳುವವರು ಬಹಳ. ಆ ಅರ್ಥದ್ದು ‘ನೋ-ಸ್ಟೋರ್’. ‘ನೋ-ಕ್ಯಾಶ್’ ಎಂದರೆ ಇಟ್ಟುಕೋ, ಆದರೆ ಬಳಸುವ ಮುಂಚೆ ಪ್ರತಿ ಸಲ ನನ್ನನ್ನು ಕೇಳು ಎಂದರ್ಥ. ಪುಟ ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಚಿಕ್ಕ ಉತ್ತರ ಕೊಟ್ಟು ಮುಗಿಸುತ್ತದೆ. ಡೇಟಾ ಹೆಚ್ಚು ಖರ್ಚಾಗುವುದಿಲ್ಲ. ತಿಥಿ, ವಿಹಾರದ ಮಾಹಿತಿ ಇರುವ ಕಡತಕ್ಕೂ ಇದೇ ಸರಿ.

ಉಳಿದ ಕಡತಗಳಿಗೆ ಸಾಮಾನಿನ ಪೊಟ್ಟಣದ ಮೇಲೆ ಬ್ಯಾಚ್ ನಂಬರ್ ಹಾಕುವ ಹಾಗೆ, ಒಳಗಿನ ಬರಹ ಬದಲಾದಾಗಲೆಲ್ಲ ಹೆಸರಿನಲ್ಲಿ ಹೊಸ ಗುರುತು ಬರಬೇಕು. ವೀಟ್, ವೆಬ್‌ಪ್ಯಾಕ್ ಮುಂತಾದ ಸಲಕರಣೆಗಳು ಇದನ್ನು ತಾವೇ ಮಾಡಿಕೊಡುತ್ತವೆ. ಹೆಸರು ಹೊಸದಾದರೆ ಬ್ರೌಸರಿಗೆ ಅದು ಹೊಸ ಕಡತ, ತರಿಸಲೇಬೇಕು. ಇಂಥವಕ್ಕೆ ಒಂದು ವರ್ಷ, ಅಂದರೆ 31536000 ಸೆಕೆಂಡು, ಕೊಟ್ಟರೂ ಭಯವಿಲ್ಲ.

ಬಿಡುಗಡೆಯಲ್ಲಿ ಕ್ರಮ ಮುಖ್ಯ. ಹೊಸ ಕಡತಗಳನ್ನು ಮೊದಲು ಏರಿಸಿ, ಮೊದಲ ಪುಟವನ್ನು ಕೊನೆಗೆ ಬದಲಿಸಬೇಕು. ಹಳೆಯ ಕಡತಗಳನ್ನು ಕೂಡಲೇ ಅಳಿಸಬಾರದು. ಬೆಳಿಗ್ಗೆ ತೆರೆದ ಪುಟವನ್ನು ಸಂಜೆವರೆಗೆ ಹಾಗೇ ಇಟ್ಟುಕೊಂಡವರ ಫೋನು ಹಳೆಯ ಹೆಸರನ್ನೇ ಕೇಳುತ್ತದೆ, ಸಿಗದಿದ್ದರೆ ಬಿಳಿ ಪರದೆ. ನಡುವೆ ಸಿಡಿಎನ್ ಇದ್ದರೆ ಅಲ್ಲಿಯ ಪ್ರತಿಯನ್ನೂ ತೆರವು ಮಾಡಬೇಕು.

ನೆಟ್ ಇಲ್ಲದಿದ್ದರೂ ಪಂಚಾಂಗ ತೆರೆಯಲೆಂದು ಸರ್ವಿಸ್ ವರ್ಕರ್ ಹಾಕಿದ್ದರೆ ಇನ್ನಷ್ಟು ಎಚ್ಚರ ಬೇಕು, ಅದಕ್ಕೆ ತನ್ನದೇ ಬೇರೆ ಉಗ್ರಾಣವಿದೆ. ಹೊಸ ವರ್ಕರ್ ಬಂದರೂ, ಹಳೆಯದನ್ನು ಬಳಸುತ್ತಿರುವ ಟ್ಯಾಬ್‌ಗಳೆಲ್ಲ ಮುಚ್ಚುವವರೆಗೆ ಅದು ಹೊರಗೆ ಕಾಯುತ್ತಾ ನಿಲ್ಲುತ್ತದೆ. ಟ್ಯಾಬ್ ಮುಚ್ಚುವ ಅಭ್ಯಾಸ ಎಷ್ಟು ಜನರಿಗಿದೆ? ‘ಹೊಸ ಮಾಹಿತಿ ಬಂದಿದೆ, ಇಲ್ಲಿ ಒತ್ತಿ’ ಎಂಬ ಗುಂಡಿಯಿಟ್ಟು, ಒತ್ತಿದಾಗ ಹೊಸದಕ್ಕೆ ಜಾಗ ಬಿಡಿಸುವುದು ಒಳ್ಳೆಯದು. ವರ್ಕರ್ ಕಡತದ ಹೆಸರನ್ನು ಮಾತ್ರ ಬದಲಿಸಬಾರದು. ತಿಥಿ, ವಿಹಾರಗಳನ್ನು ಮೊದಲು ನೆಟ್‌ನಿಂದ ಕೇಳಿ, ಸಿಗದಿದ್ದರೆ ಮಾತ್ರ ಉಗ್ರಾಣದ್ದನ್ನು ತೋರಿಸುವಂತೆ ಬರೆಸಬೇಕು. ಜೊತೆಗೆ ‘ಈ ಮಾಹಿತಿ ಇಂಥ ದಿನದ್ದು’ ಎಂದು ದೊಡ್ಡ ಅಕ್ಷರದಲ್ಲಿ ಕಾಣಬೇಕು. ಫೋನು ಮಾಡಿದ ಅಜ್ಜಿಯನ್ನು ‘ಮೇಲೆ ಯಾವ ದಿನಾಂಕ ಇದೆ ನೋಡಮ್ಮ’ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. ಅವರಿಗೆ ಬ್ರೌಸರಿನ ಡೇಟಾ ಎಲ್ಲ ಅಳಿಸಿ ಎಂದು ಹೇಳುವುದು ಸರಿಯಲ್ಲ. ಬೇರೆ ಕಡೆ ಮಾಡಿದ್ದ ಲಾಗಿನ್‌ಗಳೂ ಅದರೊಂದಿಗೆ ಹೋಗುತ್ತವೆ.

ಪರೀಕ್ಷೆಯನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿ ತೃಪ್ತಿಪಡುವವರಿದ್ದಾರೆ. ಅಲ್ಲಿ ಹಳೆಯ ಪ್ರತಿ ಇರುವುದೇ ಇಲ್ಲ, ಹೊಸದು ಬಂದೇ ಬರುತ್ತದೆ. ನಿನ್ನೆ ಹಳೆಯ ಆವೃತ್ತಿ ತೆರೆದಿದ್ದ ಫೋನಿನಲ್ಲಿ, ಏನನ್ನೂ ಅಳಿಸದೆ ನೋಡಬೇಕು. ಅದನ್ನೂ ದಶಲಕ್ಷಣ ಪರ್ವಕ್ಕೆ ಒಂದು ವಾರ ಇರುವಾಗಲೇ ಮುಗಿಸಿಕೊಂಡರೆ, ಭಾದ್ರಪದ ಶುಕ್ಲ ಪಂಚಮಿಯ ಬೆಳಿಗ್ಗೆ ಸ್ವಯಂಸೇವಕರೂ ಪೂಜೆಗೆ ಕೂರಬಹುದು.