ಗೇಟಿನ ಕಾವಲು ಬೇರೆ, ತಿಜೋರಿಯ ಬೀಗ ಬೇರೆ

ಬೆಂಗಳೂರು: 2025ರ ಜುಲೈ 19ರ ನಸುಕಿನ 2 ಗಂಟೆ 37 ನಿಮಿಷ. ಕ್ರಿಪ್ಟೊ ಕರೆನ್ಸಿ ವಿನಿಮಯ ಸಂಸ್ಥೆ ಕಾಯಿನ್‌ಡಿಸಿಎಕ್ಸ್‌ನ ಆಂತರಿಕ ಖಾತೆಯೊಂದರಿಂದ ಒಂದೇ ಒಂದು ಯುಎಸ್‌ಡಿಟಿ, ಅಂದರೆ ಸುಮಾರು ಒಂದು ಡಾಲರ್ ಬೆಲೆಯ ಡಿಜಿಟಲ್ ನಾಣ್ಯ, ಹೊರಗೆ ಹೋಯಿತು. ಕದ್ದ ಕೀಲಿ ಬೀಗಕ್ಕೆ ಹೊಂದುತ್ತದೆಯೇ ಎಂದು ತಿರುಗಿಸಿ ನೋಡಿದಂತಿತ್ತು ಅದು. ಬೆಳಿಗ್ಗೆ 9.40ರ ಹೊತ್ತಿಗೆ ಸುಮಾರು 4.4 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 379 ಕೋಟಿ ರೂಪಾಯಿಯಷ್ಟು ಮೊತ್ತ, ಆರು ವ್ಯಾಲೆಟ್‌ಗಳಿಗೆ ಹರಿದುಹೋಗಿತ್ತು.

ದೂರಿನ ತನಿಖೆ ನಡೆಸಿದ್ದು ವೈಟ್‌ಫೀಲ್ಡ್ ವಿಭಾಗದ ಸಿಇಎನ್ ಪೊಲೀಸರು. ಅದೇ ತಿಂಗಳ ಕೊನೆಯಲ್ಲಿ ಅವರು ಸಂಸ್ಥೆಯ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿಯೇ ಅವರು ಹೊರಗಿನವರಿಗೆ ಅರೆಕಾಲಿಕ ಕೆಲಸ ಮಾಡಿಕೊಡುತ್ತಿದ್ದರು, ಆ ಕೆಲಸದ ಕಡತಗಳ ಜೊತೆ ಒಳಬಂದ ಕುತಂತ್ರಾಂಶವು ಲಾಗಿನ್ ವಿವರಗಳನ್ನು ಕದ್ದಿತು ಎಂಬುದು ಪೊಲೀಸರ ಶಂಕೆ. ಕಳ್ಳತನದಲ್ಲಿ ತಮ್ಮ ಪಾತ್ರವಿಲ್ಲವೆಂದು ಅವರು ವಿಚಾರಣೆಯ ವೇಳೆ ಹೇಳಿದ್ದಾಗಿ ವರದಿಯಾಗಿತ್ತು. ಗ್ರಾಹಕರ ಹಣಕ್ಕೆ ಧಕ್ಕೆಯಾಗಿಲ್ಲ, ನಷ್ಟವನ್ನು ತಾನೇ ಭರಿಸುವುದಾಗಿ ಸಂಸ್ಥೆ ಪ್ರಕಟಿಸಿತು.

ಪೊಲೀಸರ ವಿವರಣೆಯನ್ನು ಒಪ್ಪುವುದಾದರೆ ಇಲ್ಲಿ ಯಾರೂ ಬೀಗ ಒಡೆಯಲಿಲ್ಲ. ಕೀಲಿ ಸರಿಯಾದದ್ದೇ, ಹಿಡಿದ ಕೈ ಮಾತ್ರ ಬೇರೆ. ಐ.ಟಿ. ಕಂಪೆನಿಗಳ ಭದ್ರತಾ ವಿಭಾಗಗಳಲ್ಲಿ ನಿತ್ಯ ಕೇಳಿಬರುವ ಎರಡು ಪದಗುಚ್ಛಗಳ ನಡುವಿನ ಅಂತರವನ್ನು ಅರಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಒಂದು, ಐಡೆಂಟಿಟಿ ಅಂಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್, ಚುಟುಕಾಗಿ ಐಎಎಂ. ಇನ್ನೊಂದು, ಪ್ರಿವಿಲೆಜ್ಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್ ಅಥವಾ ಪಿಎಎಂ.

ದೇವಸ್ಥಾನದ ಲೆಕ್ಕ

ಐಎಎಂ ಎಂಬುದು ಸಂಸ್ಥೆಯ ಎಲ್ಲರಿಗೂ ಸಂಬಂಧಿಸಿದ್ದು. ಹೊಸಬರು ಕೆಲಸಕ್ಕೆ ಸೇರಿದ ದಿನ ಇ-ಮೇಲ್ ಖಾತೆ ತೆರೆಯುವುದು, ಅವರ ಹುದ್ದೆಗೆ ತಕ್ಕ ತಂತ್ರಾಂಶಗಳಿಗೆ ಪ್ರವೇಶ ನೀಡುವುದು, ವಿಭಾಗ ಬದಲಾದರೆ ಹಳೆಯ ಅನುಮತಿ ಕಿತ್ತು ಹೊಸದನ್ನು ಕೊಡುವುದು, ರಾಜೀನಾಮೆ ಕೊಟ್ಟ ಸಂಜೆ ಎಲ್ಲವನ್ನೂ ಮುಚ್ಚುವುದು ಇದರ ಕೆಲಸ. ಪಾಸ್‌ವರ್ಡ್ ಜೊತೆಗೆ ಮೊಬೈಲ್‌ಗೆ ಬರುವ ಒಟಿಪಿ ಕೇಳುವುದೂ, ಒಮ್ಮೆ ಲಾಗಿನ್ ಆದರೆ ಹತ್ತು ತಂತ್ರಾಂಶಗಳು ತೆರೆದುಕೊಳ್ಳುವಂತೆ ಮಾಡುವುದೂ ಇದೇ. ‘ಇವರು ಯಾರು, ಇವರಿಗೆ ಎಲ್ಲಿಯವರೆಗೆ ಪ್ರವೇಶ?’ ಎಂಬ ಪ್ರಶ್ನೆಗೆ ಐಎಎಂ ಉತ್ತರಿಸುತ್ತದೆ.

ಪಿಎಎಂ ನೋಡುವುದು ಬೆರಳೆಣಿಕೆಯ ಖಾತೆಗಳನ್ನು. ಸರ್ವರ್‌ನ ರೂಟ್, ವಿಂಡೋಸ್‌ನ ಅಡ್ಮಿನಿಸ್ಟ್ರೇಟರ್, ಡೇಟಾಬೇಸ್‌ನ ಒಡೆತನದ ಖಾತೆ, ಕ್ಲೌಡ್‌ನ ಮೂಲ ಖಾತೆ ಇಂಥವು. ಈ ಖಾತೆ ಕೈಯಲ್ಲಿದ್ದವರು ಬೇರೆಯವರ ಖಾತೆ ಸೃಷ್ಟಿಸಬಲ್ಲರು, ಅಳಿಸಬಲ್ಲರು, ಬ್ಯಾಕಪ್ ನಾಶಮಾಡಬಲ್ಲರು, ಕೊನೆಗೆ ತಾವು ಬಂದುಹೋದ ಹೆಜ್ಜೆಗುರುತನ್ನೂ ಒರೆಸಬಲ್ಲರು.

ಮುಜರಾಯಿ ದೇವಸ್ಥಾನವನ್ನು ನೆನಪಿಸಿಕೊಂಡರೆ ವಿಷಯ ಸಲೀಸಾಗುತ್ತದೆ. ಪ್ರಾಂಗಣಕ್ಕೆ ಭಕ್ತರೆಲ್ಲರೂ ಬರಬಹುದು, ಗರ್ಭಗುಡಿಗೆ ಅರ್ಚಕರು ಮಾತ್ರ. ಯಾರು ಎಲ್ಲಿಯವರೆಗೆ ಎಂಬ ಈ ಕಟ್ಟಳೆ ಐಎಎಂ. ಆದರೆ ಹುಂಡಿಯ ವಿಚಾರವೇ ಬೇರೆ. ಅರ್ಚಕರಾಗಲಿ, ಆಡಳಿತಾಧಿಕಾರಿಯಾಗಲಿ ಮನಸ್ಸು ಬಂದಾಗ ಒಬ್ಬರೇ ಹೋಗಿ ಅದನ್ನು ತೆರೆಯುವಂತಿಲ್ಲ. ನಿಗದಿತ ದಿನ, ಅಧಿಕಾರಿಗಳ ಎದುರು, ಕ್ಯಾಮೆರಾ ಕಣ್ಗಾವಲಿನಲ್ಲಿ ಮೊಹರು ಒಡೆದು ಎಣಿಕೆ ನಡೆಯಬೇಕು. ಇದು ಅರ್ಚಕರ ಮೇಲಿನ ಅಪನಂಬಿಕೆಯಲ್ಲ, ಹುಂಡಿಯ ಮೇಲಿನ ಎಚ್ಚರ. ಪಿಎಎಂನ ತಿರುಳೂ ಅಷ್ಟೇ.

ಕಾರ್ಯವಿಧಾನವೂ ಹೆಚ್ಚು ಕಡಿಮೆ ಅದೇ ಬಗೆಯದು. ಅಡ್ಮಿನ್ ಪಾಸ್‌ವರ್ಡ್‌ಗಳು ಎಂಜಿನಿಯರ್‌ಗಳ ತಲೆಯಲ್ಲಾಗಲಿ, ಎಕ್ಸೆಲ್ ಹಾಳೆಯಲ್ಲಾಗಲಿ ಇರುವುದಿಲ್ಲ. ‘ವಾಲ್ಟ್’ ಎಂಬ ಡಿಜಿಟಲ್ ತಿಜೋರಿಯಲ್ಲಿರುತ್ತವೆ. ಕೆಲಸ ಬಂದಾಗ ಕಾರಣ ತಿಳಿಸಿ ಕೋರಬೇಕು, ಮೇಲಿನವರು ಒಪ್ಪಬೇಕು. ಒಂದು ಗಂಟೆಯೋ ಎರಡು ಗಂಟೆಯೋ ಪ್ರವೇಶ ಸಿಗುತ್ತದೆ. ಅನೇಕ ವೇಳೆ ಪಾಸ್‌ವರ್ಡ್ ಏನೆಂದು ಬಳಸಿದವರಿಗೂ ತಿಳಿಯುವುದಿಲ್ಲ, ತಂತ್ರಾಂಶವೇ ಒಳಗೆ ಕೂರಿಸುತ್ತದೆ. ಪರದೆಯ ಮೇಲೆ ನಡೆದದ್ದೆಲ್ಲ ವಿಡಿಯೊದಂತೆ ದಾಖಲಾಗುತ್ತದೆ. ಕೆಲಸ ಮುಗಿದೊಡನೆ ಪಾಸ್‌ವರ್ಡ್ ತಾನಾಗಿಯೇ ಬದಲಾಗುತ್ತದೆ. ನಸುಕಿನಲ್ಲಿ ಸರ್ವರ್ ಕುಸಿದು, ಒಪ್ಪಿಗೆ ನೀಡಬೇಕಾದವರು ಫೋನ್ ಎತ್ತದಿದ್ದರೆ? ಅದಕ್ಕೂ ‘ಗಾಜು ಒಡೆಯುವ’ ತುರ್ತು ಖಾತೆಯೊಂದಿರುತ್ತದೆ, ಬಳಸಿದ ಮರುಕ್ಷಣ ಎಲ್ಲರಿಗೂ ಎಚ್ಚರಿಕೆ ಹೋಗುತ್ತದೆ.

ಶಾಸ್ತ್ರೀಯ ವರ್ಗೀಕರಣದಲ್ಲಿ ಪಿಎಎಂ ಐಎಎಂನ ಒಂದು ಶಾಖೆಯೇ. ಮಾರಾಟಗಾರರು ಎರಡನ್ನೂ ಬೇರೆ ಬೇರೆ ಬೆಲೆಗೆ ಮಾರುವುದರಿಂದ ಗೊಂದಲ ಹೆಚ್ಚಿದೆ ಎಂದರೂ ತಪ್ಪಾಗದು. ಈ ಮಾರುಕಟ್ಟೆ ಸಣ್ಣದೇನಲ್ಲ. ಪಿಎಎಂ ಕ್ಷೇತ್ರದ ಹಿರಿಯ ಕಂಪೆನಿ ಸೈಬರ್‌ಆರ್ಕ್ ಅನ್ನು ಸುಮಾರು 2,500 ಕೋಟಿ ಡಾಲರ್‌ಗೆ ಖರೀದಿಸುವುದಾಗಿ ಪಾಲೊ ಆಲ್ಟೊ ನೆಟ್‌ವರ್ಕ್ಸ್ 2025ರ ಜುಲೈನಲ್ಲಿ ಘೋಷಿಸಿತು.

ಬೆಂಗಳೂರಿಗೆ ಏಕೆ ಮುಖ್ಯ?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎಂಜಿನಿಯರ್‌ಗಳು ಕಾಯುವುದು ತಮ್ಮ ಕಂಪೆನಿಯ ಕಂಪ್ಯೂಟರ್‌ಗಳನ್ನು ಮಾತ್ರವಲ್ಲ. ಅಮೆರಿಕ, ಯುರೋಪಿನ ಬ್ಯಾಂಕು, ಆಸ್ಪತ್ರೆ, ವಿಮಾ ಕಂಪೆನಿಗಳ ಸರ್ವರ್‌ಗಳ ಅಡ್ಮಿನ್ ಕೀಲಿಗಳೂ ಇಲ್ಲಿನ ರಾತ್ರಿ ಪಾಳಿಯವರ ಕೈಯಲ್ಲಿವೆ. ಪರರ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಊರು ಇದು.

ಅದರ ಬಿಸಿ 2019ರ ಏಪ್ರಿಲ್‌ನಲ್ಲಿ ತಟ್ಟಿತು. ಸರ್ಜಾಪುರ ರಸ್ತೆಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಪ್ರೊದ ಜಾಲಕ್ಕೆ ನುಸುಳಿದವರು ಅಲ್ಲಿಂದ ಅದರ ಗ್ರಾಹಕ ಕಂಪೆನಿಗಳತ್ತ ಕೈಚಾಚಿದ್ದಾರೆ ಎಂದು ಅಮೆರಿಕದ ಭದ್ರತಾ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿ ಮಾಡಿದರು. ಫಿಶಿಂಗ್ ದಾಳಿಯಿಂದಾಗಿ ಕೆಲವೇ ಉದ್ಯೋಗಿಗಳ ಖಾತೆಗಳಲ್ಲಿ ಅಸಹಜ ಚಟುವಟಿಕೆ ಕಂಡುಬಂದಿದೆ ಎಂದು ವಿಪ್ರೊ ಒಪ್ಪಿಕೊಂಡಿತು. ಕೆಲವೇ ಖಾತೆಗಳು ನಿಜ. ಆದರೆ ಅವುಗಳಿಂದ ಎಲ್ಲಿಯವರೆಗೆ ಹೋಗಬಹುದು ಎಂಬುದೇ ಇಲ್ಲಿನ ಪ್ರಶ್ನೆ.

ಐಎಎಂ ಒಂದೇ ಸಾಲದು, ಪಿಎಎಂ ಖರೀದಿಸಿದ ಮಾತ್ರಕ್ಕೆ ನಿದ್ದೆಯೂ ಬಾರದು ಎಂಬುದನ್ನು ಒಟ್ಟಿಗೇ ತೋರಿಸಿದ್ದು 2022ರ ಸೆಪ್ಟೆಂಬರ್‌ನ ಉಬರ್ ಪ್ರಕರಣ. ಗುತ್ತಿಗೆ ನೌಕರನೊಬ್ಬನ ಪಾಸ್‌ವರ್ಡ್ ದಾಳಿಕೋರನ ಕೈಸೇರಿತ್ತು. ‘ಲಾಗಿನ್ ಆಗುತ್ತಿರುವುದು ನೀವೇನಾ?’ ಎಂಬ ಸಂದೇಶ ನೌಕರನ ಮೊಬೈಲ್‌ಗೆ ಮತ್ತೆ ಮತ್ತೆ ಬಂತು. ಕೊನೆಗೊಮ್ಮೆ ಆತ ‘ಹೌದು’ ಒತ್ತಿದ. ಅಲ್ಲಿಗೆ ಐಎಎಂನ ಗೇಟು ದಾಟಿದಂತಾಯಿತು. ಒಳಗೆ ಹುಡುಕಾಡಿದಾಗ ಸ್ಕ್ರಿಪ್ಟ್ ಒಂದರಲ್ಲಿ ಪಿಎಎಂ ತಂತ್ರಾಂಶದ ಅಡ್ಮಿನ್ ಪಾಸ್‌ವರ್ಡನ್ನೇ ಬರೆದಿಟ್ಟದ್ದು ಸಿಕ್ಕಿತೆಂದು ವರದಿಯಾಯಿತು. ತಿಜೋರಿ ಭದ್ರ, ಕೀಲಿ ಮಾತ್ರ ಚಾಪೆಯ ಕೆಳಗೆ!

ಈ ಎರಡೂ ತಡೆಯಲಾರದ ಅಪರಾಧವೂ ಉಂಟು. ಎಚ್‌ಎಸ್‌ಬಿಸಿ ಬ್ಯಾಂಕಿನ ಬೆಂಗಳೂರು ಕೇಂದ್ರದ ನೌಕರನೊಬ್ಬ 2006ರಲ್ಲಿ ಬ್ರಿಟನ್ ಗ್ರಾಹಕರ ಮಾಹಿತಿಯನ್ನು ಹೊರಗಿನವರಿಗೆ ದಾಟಿಸಿದ ಆರೋಪದ ಮೇಲೆ ಬಂಧನಕ್ಕೊಳಗಾದ. ಕಳುವಾದ ಮೊತ್ತ ಸುಮಾರು 2.33 ಲಕ್ಷ ಪೌಂಡ್. ಗ್ರಾಹಕರ ಖಾತೆ ನೋಡುವುದೇ ಕೆಲಸವಾಗಿರುವವರಿಗೆ ಅದನ್ನು ನೋಡಬೇಡ ಎನ್ನಲಾಗದು. ಅಲ್ಲಿ ಬೇಕಾದದ್ದು ಬೇರೆ ಬಗೆಯ ನಿಗಾ.

ನಿರಪರಾಧಿಗೆ ಸಾಕ್ಷಿ

ಪಿಎಎಂ ಎಂದರೆ ಎಂಜಿನಿಯರ್‌ಗಳು ಮುಖ ಸಿಂಡರಿಸುವುದು ಸಹಜ. ಪ್ರತಿ ಕೆಲಸಕ್ಕೂ ಟಿಕೆಟ್, ಪ್ರತಿ ಕೀಲಿಮಣೆ ಒತ್ತಿಗೂ ಕಣ್ಗಾವಲು. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಪಾಳಿಯ ಐದು ಮಂದಿ ಒಂದೇ ರೂಟ್ ಪಾಸ್‌ವರ್ಡ್ ಹಂಚಿಕೊಂಡಿದ್ದಾರೆನ್ನಿ. ಡೇಟಾಬೇಸ್ ಅಳಿಸಿಹೋದರೆ ದಾಖಲೆಯಲ್ಲಿ ಕಾಣುವುದು ‘ರೂಟ್’ ಎಂಬ ಹೆಸರು ಮಾತ್ರ. ಐವರೂ ಶಂಕಿತರು. ತಾನಲ್ಲವೆಂದು ಸಾಬೀತುಪಡಿಸಲು ಯಾರ ಬಳಿಯೂ ಪುರಾವೆ ಇರುವುದಿಲ್ಲ. ಹೆಸರು, ಹೊತ್ತು, ಕಾರಣ ದಾಖಲಾಗಿದ್ದರೆ ಉಳಿದ ನಾಲ್ವರು ನೆಮ್ಮದಿಯಿಂದ ಮನೆಗೆ ಹೋಗಬಹುದು. ಕೆಲಸ ಕಳೆದುಕೊಂಡರೆ ಮನೆ ಸಾಲದ ಕಂತು ನಿಲ್ಲುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಕಾನೂನಿನ ಒತ್ತಡವೂ ಇದೆ. ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಕಾಯ್ದಿಡಬೇಕು ಎಂದು ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ರೂಟ್ ಖಾತೆ ಬಳಸಿದವರು ಯಾರೆಂದು ವಿಚಾರಿಸುವುದರಲ್ಲೇ ಆರು ಗಂಟೆ ಕಳೆದೀತು.

ಪೀಣ್ಯದ ಸಣ್ಣ ಘಟಕಗಳ ಸ್ಥಿತಿ ಇನ್ನೊಂದು ಬಗೆಯದು. ಇಂಥ ಕಡೆ ಯಂತ್ರ ಪೂರೈಸಿದ ಕಂಪೆನಿಯವರು ದೂರದಿಂದಲೇ ದುರಸ್ತಿ ಮಾಡಲೆಂದು ಹಾಕಿಕೊಟ್ಟ ರಿಮೋಟ್ ತಂತ್ರಾಂಶ ವರ್ಷವಿಡೀ ತೆರೆದೇ ಇರಬಹುದು. ಸಿಎನ್‌ಸಿ ಯಂತ್ರದ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಉಳಿದು, ಮರೆಯದಿರಲೆಂದು ಪ್ಯಾನೆಲ್ ಮೇಲೆ ಚೀಟಿಯಾಗಿ ಅಂಟಿರಬಹುದು. ಇಪ್ಪತ್ತು ಜನರ ಘಟಕಕ್ಕೆ ಲಕ್ಷಗಟ್ಟಲೆ ಬೆಲೆಯ ಪಿಎಎಂ ಕೊಳ್ಳಿರೆಂದು ಹೇಳುವುದು ಹಾಸ್ಯಾಸ್ಪದ. ಆದರೆ ಮೂಲ ಪಾಸ್‌ವರ್ಡ್ ಬದಲಿಸುವುದು, ದಿನನಿತ್ಯದ ಇ-ಮೇಲ್ ನೋಡುವ ಖಾತೆಗೆ ಅಡ್ಮಿನ್ ಅಧಿಕಾರ ಕೊಡದಿರುವುದು, ದುರಸ್ತಿಯವರು ಫೋನ್ ಮಾಡಿದಾಗ ಮಾತ್ರ ರಿಮೋಟ್ ಸಂಪರ್ಕ ತೆರೆದು ಕೆಲಸ ಮುಗಿದ ಮೇಲೆ ಮುಚ್ಚುವುದು, ಯಾರು ಯಾವಾಗ ಬಂದರೆಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುವುದು, ಇವಕ್ಕೆ ಖರ್ಚಿಲ್ಲ. ಪ್ಯಾನೆಲ್ ಮೇಲಿನ ಚೀಟಿ ಕೀಳಲಂತೂ ಯಾವ ತಜ್ಞರೂ ಬೇಕಾಗಿಲ್ಲ.